ಪ್ರಾರ್ಥನೆಗೆ ಗಿಟಾರ್ ಸಾಥ್

ನ್ಯಾಮತಿಯಲ್ಲಿ ನನ್ನ ಹೆಸರು ಗೊತ್ತಿರುವವರು ಕಡಿಮೆ. ಪಂಪ್‌ಸೆಟ್ ಮೋಟಾರ್ ಸುಟ್ಟುಕೊಂಡವರಿಗೆ ನಾನು ವೈಂಡಿಂಗ್ ಅಂಗಡಿಯವನು, ಉಳಿದವರಿಗೆಲ್ಲ ಮೇಡಂ ಅವರ ಯಜಮಾನ. ಮೇಡಂ ಎಂದರೆ ನನ್ನ ಹೆಂಡತಿ. ಪ್ರಾಥಮಿಕ ಶಾಲೆಯಲ್ಲಿ ಪಾಠ ಹೇಳುತ್ತಾಳೆ. ಅದಕ್ಕಿಂತ ಹೆಚ್ಚಾಗಿ ಪ್ರಾರ್ಥನೆ ಹಾಡುತ್ತಾಳೆ. ನ್ಯಾಮತಿ, ಹೊನ್ನಾಳಿ, ಅತ್ತ ಚನ್ನಗಿರಿಯವರೆಗೆ ಎಲ್ಲೇ ಸಮಾರಂಭ ನಡೆಯಲಿ, ದೀಪ ಹಚ್ಚುವ ಮುಂಚೆ ಒಂದು ವಚನ ಆಗಬೇಕು, ಅದಕ್ಕೆ ಅವಳೇ ಬೇಕು. ಹದಿನೆಂಟು ವರ್ಷಗಳಿಂದ ಅವಳು ಹಾಡುತ್ತಿದ್ದಾಳೆ. ಅಷ್ಟೇ ವರ್ಷಗಳಿಂದ ನಾನು ಬೈಕಿನಲ್ಲಿ ಕರೆದುಕೊಂಡು ಹೋಗಿ, ಮೂರನೇ ಸಾಲಿನಲ್ಲಿ ಅವಳ ಬ್ಯಾಗನ್ನು ತೊಡೆಯ ಮೇಲಿಟ್ಟುಕೊಂಡು ಕೂತಿದ್ದೇನೆ. ಬ್ಯಾಗು ಹಿಡಿಯುವುದರಲ್ಲಿ ನನ್ನನ್ನು ಮೀರಿಸುವವರು ತಾಲ್ಲೂಕಿನಲ್ಲಿಲ್ಲ.

ನಲವತ್ತಾರನೇ ವಯಸ್ಸಿನಲ್ಲಿ ಗಿಟಾರ್ ಯಾಕೆ ಕೊಂಡೆ ಎಂದು ಕೇಳಿದವರಿಗೆಲ್ಲ ಒಂದೊಂದು ಕಾರಣ ಹೇಳಿದ್ದೇನೆ. ಮನಸ್ಸಿಗೆ ನೆಮ್ಮದಿ, ಬೆರಳಿಗೆ ವ್ಯಾಯಾಮ, ಬಿಪಿಗೆ ಒಳ್ಳೆಯದು. ನಿಜವಾದ ಕಾರಣ ಒಂದೇ. ಒಂದು ಸಲವಾದರೂ ನಾನು ವೇದಿಕೆಯ ಮೇಲಿರಬೇಕು, ಬ್ಯಾಗು ಬೇರೆ ಯಾರ ತೊಡೆಯ ಮೇಲಾದರೂ ಇರಬೇಕು. ಇದನ್ನು ಹೆಂಡತಿಗೆ ಹೇಳಲಿಲ್ಲ. ಅವಳು ಕೇಳಲೂ ಇಲ್ಲ, ಅವಳಿಗೆ ಗೊತ್ತಿತ್ತು ಅಂತ ಕಾಣುತ್ತದೆ.

ಫೋನಿನಲ್ಲಿ ವಿಡಿಯೊ ನೋಡಿ ಕಲಿತೆ. ಅದರಲ್ಲಿ ಕಲಿಸುವವನು ಪ್ರತಿ ಪಾಠಕ್ಕೂ 'ಇದು ತುಂಬಾ ಸುಲಭ' ಅನ್ನುತ್ತಿದ್ದ. ಆ ಮಾತು ಕೇಳಿದರೆ ನನಗೆ ಈಗಲೂ ಮೈ ಉರಿಯುತ್ತದೆ. ಎರಡು ವರ್ಷದಲ್ಲಿ ನಾಲ್ಕು ಕಾರ್ಡ್‌ಗಳು, ಅಂದರೆ ತಂತಿಗಳನ್ನು ಒಟ್ಟಿಗೆ ಅದುಮಿ ಹಿಡಿಯುವ ನಾಲ್ಕು ಪಟ್ಟುಗಳು, ಕೈವಶವಾದವು. ತಾಮ್ರದ ತಂತಿ ಸುತ್ತಿ ಸುತ್ತಿ ಬೆರಳು ಮೊದಲೇ ದಡ್ಡುಗಟ್ಟಿದ್ದರಿಂದ ನೋವಾಗಲಿಲ್ಲ. ಗಿರಾಕಿಗಳಿಲ್ಲದಾಗ ಅಂಗಡಿಯಲ್ಲೇ ಅಭ್ಯಾಸ. ಒಂದು ದಿನ ಸಾಸ್ವೆಹಳ್ಳಿಯ ಹಿರಿಯರೊಬ್ಬರು ಸುಟ್ಟ ಮೋಟಾರ್ ತಂದು, ನಾನು ನುಡಿಸಿ ಮುಗಿಸುವವರೆಗೂ ನಿಂತು ಕೇಳಿದರು. ಆಮೇಲೆ ಬಹಳ ಮರ್ಯಾದೆಯಿಂದ, "ರಿಪೇರಿ ಆಗಾಕೆ ಇನ್ನೂ ಎಷ್ಟು ದಿನ ಬೇಕಾಗ್ತೈತ್ರಿ?" ಎಂದರು. ಯಾವುದರ ರಿಪೇರಿ ಎಂದು ನಾನು ವಿಚಾರಿಸಲು ಹೋಗಲಿಲ್ಲ.

ಅಷ್ಟರಲ್ಲಿ ಹೊನ್ನಾಳಿಯಲ್ಲಿ ನನ್ನ ಜೊತೆ ಹತ್ತನೇ ತರಗತಿ ಓದಿದವರೆಲ್ಲ ಸೇರಿ ಗುರುವಂದನೆ ಮಾಡುವುದೆಂದು ತೀರ್ಮಾನವಾಯಿತು. ಪಾಠ ಹೇಳಿದ ಮೇಷ್ಟ್ರುಗಳಿಗೆ ಮೂವತ್ತು ವರ್ಷದ ಮೇಲೆ ಶಾಲು ಹೊದಿಸಿ, ಅವರು ಆಗ ಹೊಡೆದದ್ದನ್ನು ಮೈಕಿನಲ್ಲಿ ಹೊಗಳುವ ಕಾರ್ಯಕ್ರಮ. ವಾಟ್ಸಾಪ್ ಗುಂಪಿನಲ್ಲಿ ನಾನು ಹತ್ತು ನಿಮಿಷ ಗಿಟಾರ್ ನುಡಿಸುತ್ತೇನೆಂದು ಬರೆದೆ. ಇಪ್ಪತ್ತಮೂರು ಜನ ಕೈಮುಗಿಯುವ ಚಿತ್ರ ಹಾಕಿದರು. ಅದು ಒಪ್ಪಿಗೆಯೋ ಬೇಡಿಕೊಂಡದ್ದೋ ತಿಳಿಯಲಿಲ್ಲ. ಸಂಜೆ ಸಮಿತಿಯ ಮುಖ್ಯಸ್ಥ, ಈಗ ಅಡಿಕೆ ವ್ಯಾಪಾರ ಮಾಡುವ ನನ್ನ ಸಹಪಾಠಿ, ಫೋನ್ ಮಾಡಿದ.

"ಹನ್ನೊಂದು ಜನ ಮೇಷ್ಟ್ರು ಅದಾರೆ, ಒಬ್ಬೊಬ್ರೂ ಎರಡು ಮಾತು ಆಡ್ತೀನಿ ಅಂತ ಅರ್ಧ ಗಂಟೆ ಆಡ್ತಾರೆ. ನಿಂಗೆ ಎಲ್ಲಿಂದ ಟೈಮ್ ತರ್ಲಿ? ಹೆಂಗೂ ನಿಮ್ ಮೇಡಂ ಪ್ರಾರ್ಥನೆ ಐತಲ್ಲ, ಅವರ ಹಿಂದೆ ಕುಂತು ಬಾರ್ಸು."

ಪ್ರಾರ್ಥನೆಗೆ ನಮ್ಮ ಕಡೆ ಯಾರೂ ಚಪ್ಪಾಳೆ ತಟ್ಟುವುದಿಲ್ಲ. ಎದ್ದು ನಿಂತು ಕೈಮುಗಿಯುತ್ತಾರೆ, ಮುಗಿದ ಮೇಲೆ ಕುರ್ಚಿ ಎಳೆದುಕೊಂಡು ಕೂರುತ್ತಾರೆ. ಹದಿನೆಂಟು ವರ್ಷದಲ್ಲಿ ನನ್ನ ಹೆಂಡತಿಗೆ ಒಂದೇ ಒಂದು ಚಪ್ಪಾಳೆ ಬಿದ್ದದ್ದಿಲ್ಲ. ಇಡೀ ದಿನದ ಕಾರ್ಯಕ್ರಮದಲ್ಲಿ ಚಪ್ಪಾಳೆ ಇಲ್ಲದ ಜಾಗ ಅದೊಂದೇ, ನನಗೆ ಸಿಕ್ಕಿದ್ದೂ ಅದೇ. ಆದರೂ ಒಪ್ಪಿಕೊಂಡೆ. ವೇದಿಕೆ ವೇದಿಕೆಯೇ.

ಹೆಂಡತಿಯನ್ನು ಒಪ್ಪಿಸಲು ಒಂದು ವಾರ ಹಿಡಿಯಿತು. ಕೊನೆಗೆ ಅವಳು ಹಾಕಿದ ಷರತ್ತು ಒಂದೇ.

"ನೀವು ನನ್ನ ಹಿಂದೆ ಬರ್ರಿ. ನಾನು ನಿಮ್ಮ ಹಿಂದೆ ಬರಾಕೆ ಆಗಲ್ಲ."

ಕೇಳಲು ಸುಲಭವಾಗಿತ್ತು. ಆದರೆ ಅವಳ ಶ್ರುತಿ ಅವಳ ಮಾತನ್ನೂ ಕೇಳುವಂಥದ್ದಲ್ಲ. ಬೆಳಿಗ್ಗೆ ಒಂದು, ಶಾಲೆಯಿಂದ ಬಂದ ಮೇಲೆ ಇನ್ನೊಂದು, ನನ್ನ ಮೇಲೆ ಸಿಟ್ಟಿದ್ದರೆ ಮತ್ತೊಂದು. ಹಾರ್ಮೋನಿಯಂ ಕೂಡ ಇಲ್ಲದೆ ಒಬ್ಬಳೇ ಹಾಡಿ ರೂಢಿಯಾದವಳು. ಗಂಟಲು ಆವತ್ತು ಎಲ್ಲಿ ನಿಲ್ಲುತ್ತದೋ ಅಲ್ಲಿಂದ ಶುರು ಮಾಡುತ್ತಾಳೆ, ಅಲ್ಲಿಂದ ಕೂದಲೆಳೆಯಷ್ಟೂ ಕದಲುವುದಿಲ್ಲ. ನನಗೋ ಬರುತ್ತಿದ್ದದ್ದು ನಾಲ್ಕೇ ಪಟ್ಟು. ಇದಕ್ಕೆ ಪರಿಹಾರ ಕ್ಯಾಪೊ ಎಂಬ ಕ್ಲಿಪ್ಪು. ಗಿಟಾರಿನ ಕುತ್ತಿಗೆಗೆ ಅದನ್ನು ಕಚ್ಚಿಸಿ, ಒಂದೊಂದೇ ಫ್ರೆಟ್, ಅಂದರೆ ಅಲ್ಲಿರುವ ಅಡ್ಡಪಟ್ಟಿ, ದಾಟಿಸಿ ಮೇಲಕ್ಕೆ ಸರಿಸಿದರೆ ಪಟ್ಟು ಅದೇ ಇದ್ದು ಶ್ರುತಿ ಮಾತ್ರ ಏರುತ್ತದೆ. ಅವಳು ಮೊದಲು ಮೆಲ್ಲಗೆ ಗುನುಗುವುದು, ನಾನು ಕ್ಯಾಪೊ ಹೊಂದಿಸುವುದು, ಆಮೇಲೆ ಶುರು ಮಾಡುವುದು ಎಂದು ಮಾತಾಯಿತು. ಬಹುತೇಕ ಎರಡನೇ ಫ್ರೆಟ್‌ಗೆ ಸರಿಹೋಗುತ್ತಿತ್ತು, ಸಿಟ್ಟಿದ್ದ ದಿನ ಮೂರನೆಯದು. ತಿಂಗಳು ಪೂರ್ತಿ ಅಡುಗೆಮನೆಯ ಬಾಗಿಲಲ್ಲಿ ಕೂತು ಅಭ್ಯಾಸ ಮಾಡಿದೆವು. ಮದುವೆಯಾದಾಗಿನಿಂದ ಅಷ್ಟು ಹೊತ್ತು ಒಟ್ಟಿಗೆ ಕೂತಿರಲಿಲ್ಲ. ನನಗೆ ಹಿತವಾಗಿತ್ತು, ಅದನ್ನಾದರೂ ಅವಳಿಗೆ ಹೇಳಬಹುದಿತ್ತು.

ಉಳಿದ ತಯಾರಿಯೆಲ್ಲ ಆಡಂಬರದ್ದು. ಸಮಿತಿಯವರು ಮಾಡಿಸಿದ ಫ್ಲೆಕ್ಸ್‌ನಲ್ಲಿ ನನ್ನ ಪಾಸ್‌ಪೋರ್ಟ್ ಫೋಟೊ ಪಕ್ಕ ಬೆಂಕಿ ಉಗುಳುವ ಕೆಂಪು ಗಿಟಾರ್ ಇತ್ತು, ಕೆಳಗೆ 'ಗಿಟಾರ್ ಮಾಂತ್ರಿಕ' ಎಂದಿತ್ತು. ನಾಚಿಕೆಯಾಯಿತು ಎಂದು ಎಲ್ಲರ ಮುಂದೆ ಹೇಳಿದೆ. ಆದರೆ ಆ ಫ್ಲೆಕ್ಸ್ ನೋಡಲೆಂದೇ ಎರಡು ಸಲ ಹೊನ್ನಾಳಿಗೆ ಹೋಗಿಬಂದೆ. ಹೆಂಡತಿಯ ಹೆಸರು ಕೆಳಗಿನ ಮೂಲೆಯಲ್ಲಿ, ಊಟದ ವ್ಯವಸ್ಥೆಯವರ ಹೆಸರಿನ ಮೇಲೆ ಇತ್ತು.

ಆ ದಿನ ಕಲ್ಯಾಣ ಮಂಟಪದ ವೇದಿಕೆ ನೋಡಿದರೆ ಎಲ್ಲವೂ ಸಿಂಹಾಸನದಂಥ ಕೈಯಿದ್ದ ಕುರ್ಚಿಗಳೇ. ಅವುಗಳಲ್ಲಿ ಗಿಟಾರ್ ಹಿಡಿದು ಕೂರಲು ಬರುವುದಿಲ್ಲ. ನಾನು ಅಂಗಡಿಯಿಂದ ಒಯ್ದಿದ್ದ ಸ್ಟೂಲಿಗೆ ಗ್ರೀಸ್ ಅಂಟಿದೆಯೆಂದು ಸಮಿತಿಯವರು ಅದಕ್ಕೆ ಮಡಿ ಬಟ್ಟೆ ಹೊದಿಸಿದರು. ಸೌಂಡ್ ಸಿಸ್ಟಂನವರು ಗಿಟಾರನ್ನು ತಿರುಗಿಸಿ ಮುರುಗಿಸಿ ನೋಡಿ, "ಇದ್ರ ಬಾಯಿ ಎಲ್ಲೈತ್ರಿ?" ಎಂದು ಕೇಳಿದರು. ತೂತು ತೋರಿಸಿದೆ. ಅವರು ಪೂರ್ತಿ ನಂಬದೆ ಮೈಕನ್ನು ನನ್ನ ಹೊಟ್ಟೆಗೂ ತೂತಿಗೂ ನಡುವೆ ನಿಲ್ಲಿಸಿ ಹೋದರು.

ನಿರೂಪಕಿ ನಮ್ಮಿಬ್ಬರನ್ನು ಕರೆದಳು. ಸಭೆ ಎದ್ದು ನಿಂತು ಕೈಮುಗಿಯಿತು. ನಾನೂರು ಜನ ನನ್ನ ಕಡೆ ಮುಖಮಾಡಿ ಕೈಮುಗಿದು ನಿಂತದ್ದನ್ನು ಕಂಡು ನಾನೂ ಗಿಟಾರನ್ನು ತೊಡೆಯ ಮೇಲಿಟ್ಟು ಕೈಮುಗಿದುಬಿಟ್ಟೆ. ಹೆಂಡತಿ ಬಗ್ಗಿ ಕಿವಿಯ ಹತ್ತಿರ ಗುನುಗಿದಳು. ಅದೇ ಗಳಿಗೆಗೆ ಮೈಕು ಕಿರ್ರೆಂದಿತು. ನನಗೆ ಏನೂ ಕೇಳಿಸಲಿಲ್ಲ. ಇನ್ನೊಮ್ಮೆ ಅನ್ನು ಎಂದು ಕೇಳಬೇಕಿತ್ತು. ಅಷ್ಟು ಜನರ ಮುಂದೆ ಮಾಂತ್ರಿಕನೊಬ್ಬ ಹೇಗೆ ಕೇಳುವುದು? ಗಡಿಬಿಡಿಯಲ್ಲಿ ಕೈಗೆ ಸಿಕ್ಕ ಕಡೆ ಕ್ಯಾಪೊ ಕಚ್ಚಿಸಿ ತಂತಿ ಮೀಟಿದೆ. ಮೀಟಿದ ಮೇಲೆ ನೋಡಿದರೆ ಅದು ಐದನೇ ಫ್ರೆಟ್‌ನಲ್ಲಿತ್ತು, ಅವಳ ಗಂಟಲಿಗಿಂತ ಬಹಳ ಮೇಲೆ.

ಅವಳು ನನ್ನ ಕಡೆ ತಿರುಗಿದಳು. ಅವಳಿಗೆ ಮೊದಲ ನಾದಕ್ಕೇ ಗೊತ್ತಾಗಿತ್ತು. ತನ್ನ ಪಾಡಿಗೆ ತನ್ನ ಶ್ರುತಿಯಲ್ಲಿ ಶುರು ಮಾಡಬಹುದಿತ್ತು, ಷರತ್ತು ಇದ್ದದ್ದೂ ಹಾಗೆಯೇ. ಮಾಡಿದ್ದರೆ ನಾನು ನಾನೂರು ಜನರ ಮುಂದೆ ಕ್ಲಿಪ್ಪು ಹುಡುಕುತ್ತ ಕೂರಬೇಕಾಗುತ್ತಿತ್ತು. ಕ್ಲಿಪ್ಪಿನ ಕಡೆ ಅರ್ಧ ಚಾಚಿದ್ದ ನನ್ನ ಕೈಯನ್ನು ಅವಳು ನೋಡಿದಳು. ಆಮೇಲೆ ಮುಂದೆ ತಿರುಗಿ ನನ್ನ ಶ್ರುತಿಗೇ ಹತ್ತಿಸಿಕೊಂಡು ಹಾಡಿದಳು.

ಮೊದಲ ಸಾಲು ಹೇಗೋ ಸಾಗಿತು. ಮೇಲಕ್ಕೆ ಹೋಗುವ ಸಾಲಿನಲ್ಲಿ ಅವಳ ದನಿ ತೆಳ್ಳಗಾಗಿ, ಒಡೆದು, ಒಂದು ಕಡೆ ನಿಂತೇಹೋಯಿತು. ಆ ಜಾಗದಲ್ಲಿ ನನ್ನ ಗಿಟಾರ್ ಒಂದೇ ಕೇಳಿಸಿತು. ಅವಳು ಉಗುಳು ನುಂಗಿ ಮುಂದಿನ ಸಾಲು ಹಿಡಿದಳು. ನಾನು ಒಂದು ತಪ್ಪೂ ಇಲ್ಲದೆ ನಾಲ್ಕೂ ಪಟ್ಟು ಹಾಕಿ ಮುಗಿಸಿದೆ. ಪ್ರಾರ್ಥನೆ ಮುಗಿದಾಗ ಹಿಂದಿನ ಸಾಲಿನಿಂದ ಯಾರೋ ಚಪ್ಪಾಳೆ ತಟ್ಟಿದರು, ಗಿಟಾರ್ ಇದ್ದದ್ದರಿಂದ ಅದು ಪ್ರಾರ್ಥನೆ ಎಂಬುದೇ ಮರೆತಿರಬೇಕು. ನೋಡುತ್ತಿದ್ದಂತೆ ಇಡೀ ಸಭೆ ಚಪ್ಪಾಳೆ ತಟ್ಟಿತು. ನನಗೆ ಬಹಳ ಖುಷಿಯಾಯಿತು. ನಾಚಿಕೆ ಆಮೇಲೆ ಬಂತು, ಮೊದಲು ಬಂದದ್ದು ಖುಷಿಯೇ.

ಊಟದ ಪಂಕ್ತಿಯಲ್ಲಿ ನಮ್ಮ ಹಳೆಯ ಹೆಡ್‌ಮಾಸ್ಟರ್ ಎದುರಿಗೆ ಕೂತಿದ್ದರು. "ಗಿಟಾರ್ ಭಾಳ ಚೆನ್ನಾಗಿತ್ತಪ್ಪಾ" ಎಂದು ನನಗೆ ಹೇಳಿ, ಅವಳ ಕಡೆ ತಿರುಗಿ, "ಯಾಕಮ್ಮಾ, ಇವತ್ತು ಗಂಟ್ಲು ಕೈ ಕೊಡ್ತು?" ಎಂದು ಕೇಳಿದರು.

"ಹೌದು ಸರ್, ಎರಡು ದಿನದಿಂದ ನೆಗಡಿ."

ಅವಳಿಗೆ ನೆಗಡಿಯಿರಲಿಲ್ಲ. ಅಕ್ಕಪಕ್ಕದವರೆಲ್ಲ ಬಿಸಿನೀರು, ಕಾಳುಮೆಣಸು, ಅರಿಶಿನದ ಹಾಲು ಎಂದು ಔಷಧಿ ಹೇಳತೊಡಗಿದರು. ಅವಳು ಎಲ್ಲದಕ್ಕೂ ತಲೆಯಾಡಿಸಿದಳು. ನಾನು ತಲೆ ತಗ್ಗಿಸಿ ಇನ್ನೊಂದು ಹೋಳಿಗೆ ಹಾಕಿಸಿಕೊಂಡೆ. ನ್ಯಾಮತಿ ಮುಟ್ಟುವವರೆಗೂ ಬೈಕಿನ ಹಿಂದೆ ಗಿಟಾರ್ ಅವಳೇ ಹಿಡಿದುಕೊಂಡಿದ್ದಳು.

ಹತ್ತು ದಿನದ ಮೇಲೆ ಉಬ್ರಾಣಿಯಿಂದ ಒಬ್ಬರು ಫೋನ್ ಮಾಡಿದರು. ಊರಲ್ಲಿ ಸಮುದಾಯ ಭವನದ ಉದ್ಘಾಟನೆಯಂತೆ. ಹದಿನೆಂಟು ವರ್ಷದಲ್ಲಿ ಮೊದಲ ಬಾರಿಗೆ ಇಂಥ ಫೋನು ಅವಳಿಗೆ ಬರದೆ ನನಗೆ ಬಂದಿತ್ತು.

"ನಿಮ್ಮ ಗಿಟಾರ್ ಬೇಕ್ರಿ. ಮೇಡಂ ಗಂಟ್ಲು ಸರಿ ಇಲ್ಲಂತಲ್ಲ, ಪಾಪ, ಅವರಿಗೆ ಯಾಕೆ ತೊಂದ್ರೆ? ಹಾಡಾಕೆ ನಮ್ಮಲ್ಲೇ ಒಬ್ರು ಅದಾರೆ. ನೀವೊಬ್ರೇ ಬರ್ರಿ."

ಹೆಂಡತಿ ನಡುಮನೆಯಲ್ಲಿ ಒಣಗಿದ ಬಟ್ಟೆ ಮಡಚುತ್ತಿದ್ದಳು. ಗುರುತಿಲ್ಲದ ಆ ಮನುಷ್ಯನಿಗೆ ನಾನು ಎಲ್ಲವನ್ನೂ ಹೇಳಿಬಿಟ್ಟೆ. ಅವಳ ಗಂಟಲಿಗೆ ಏನೂ ಆಗಿರಲಿಲ್ಲ, ಕ್ಲಿಪ್ಪು ತಪ್ಪು ಜಾಗಕ್ಕೆ ಹಾಕಿದವನು ನಾನು, ನನ್ನ ಮಾನ ಉಳಿಸಲು ಅವಳು ತನ್ನ ದನಿ ಕೆಡಿಸಿಕೊಂಡಳು ಎಂದೆ. ಅವರು ಅರ್ಧ ಅರ್ಥವಾದವರಂತೆ ಹೂಂ ಹೂಂ ಅಂದು, "ಹಂಗಾದ್ರೆ ಇಬ್ರೂ ಬರ್ರಿ" ಎಂದು ಫೋನ್ ಇಟ್ಟುಬಿಟ್ಟರು. ನನ್ನ ಮೈ ಹಗುರಾಗಿತ್ತು. ಇನ್ನು ಅವಳು ಏನಾದರೂ ಒಳ್ಳೆಯ ಮಾತು ಆಡುತ್ತಾಳೆಂದು ಬಾಗಿಲಲ್ಲೇ ನಿಂತೆ.

ಅವಳು ಮಡಚಿದ ಬಟ್ಟೆಯನ್ನು ಒಂದರ ಮೇಲೊಂದು ಇಟ್ಟು, ತಲೆಯೆತ್ತದೆ ಹೇಳಿದಳು:

"ಇದನ್ನ ಅವತ್ತು ಪಂಕ್ತಿನಾಗೆ ಹೇಳಾಕೆ ನಿಮಗೆ ಬಾಯಿ ಇರಲಿಲ್ಲೇನ್ರಿ? ಅಲ್ಲಿ ನನ್ನ ಹಾಡು ಕೇಳಿದೋರು ಇದ್ರು."