ಊರಿನ ಪಾಲಾದ ಚಿಕ್ಕಮ್ಮ

ಶಿಡ್ಲಘಟ್ಟ ಹತ್ತಿರವಾಗುತ್ತಿದ್ದಂತೆ ಬಸ್ಸಿನಲ್ಲಿ ಕೂತವರೆಲ್ಲ ಸೆರಗನ್ನೋ ಕರ್ಚೀಫನ್ನೋ ಮೂಗಿಗೆ ಒತ್ತಿಕೊಳ್ಳುತ್ತಾರೆ. ರೇಷ್ಮೆಗೂಡು ಬೇಯುವ ವಾಸನೆ ಅಂಥದ್ದು. ನಾನು ಮಾತ್ರ ಕಿಟಕಿ ಇನ್ನಷ್ಟು ತೆರೆಯುತ್ತೇನೆ. ಆ ವಾಸನೆಯ ಹಿಂದೆಯೇ ದಿಬ್ಬೂರಹಳ್ಳಿ ಕಡೆಯ ನಮ್ಮೂರು, ತಗ್ಗು ಸೂರಿನ ಮನೆ, ಕತ್ತಲೆ ಹುಳುಮನೆ, ಒದ್ದೆ ಗೋಣಿಯಡಿ ಬೆಚ್ಚಗಿರುತ್ತಿದ್ದ ಹಿಪ್ಪುನೇರಳೆ ಸೊಪ್ಪು ಎಲ್ಲ ಎದ್ದುಬರುತ್ತವೆ. ಕೊನೆಯಲ್ಲಿ ಚಿಕ್ಕಮ್ಮ ಬರುತ್ತಾಳೆ. ಅವಳ ಜೊತೆಗೇ ಒಂದು ಹಳೆಯ ಸಂಕಟವೂ ಬರುತ್ತದೆ. ಅದು ಬರೀ ದುಃಖವೆಂದು ಹೇಳಿದರೆ ಸುಳ್ಳಾಗುತ್ತದೆ. ಅದು ಹೊಟ್ಟೆಕಿಚ್ಚು, ಈ ವಯಸ್ಸಿಗೂ ಆರಿಲ್ಲ. ಒಬ್ಬರನ್ನು ಪೂರ್ತಿ ತಮ್ಮವರೆಂದುಕೊಂಡು ಕಳೆದುಕೊಂಡವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಚಿಕ್ಕಮ್ಮನ ಹೆಸರು ನಂಜಮ್ಮ, ನಮ್ಮ ಚಿಕ್ಕಪ್ಪನ ಹೆಂಡತಿ. ಮಂಡಿಕಲ್ಲಿನಿಂದ ಮದುವೆಯಾಗಿ ಬಂದ ಸ್ವಲ್ಪ ದಿನಕ್ಕೇ ಚಿಕ್ಕಪ್ಪ ವಿಷಮಶೀತ ಜ್ವರದಲ್ಲಿ ತೀರಿಹೋದ. ಆ ಸಲವೇ ನಮ್ಮ ಮನೆಯ ಹುಳಕ್ಕೆ ಸುಣ್ಣಕಟ್ಟು ರೋಗ ಬಂತು. ಗೂಡು ಕಟ್ಟಬೇಕಾದ ಹುಳಗಳೆಲ್ಲ ಸುಣ್ಣದ ಕಡ್ಡಿಗಳ ಹಾಗೆ ಬೆಳ್ಳಗೆ ಗಟ್ಟಿಯಾಗಿ ಬಿದ್ದಿದ್ದವು. ಎರಡು ಸಾವನ್ನೂ ಊರು ಅವಳ ಕೆಟ್ಟ ಕಣ್ಣಿಗೆ ಕಟ್ಟಿತು. ಅಂದಿನಿಂದ ಅವಳು ಹುಳುಮನೆ ಬಾಗಿಲು ದಾಟುವ ಹಾಗಿರಲಿಲ್ಲ. ಎದುರಿಗೆ ಬಂದರೆ ಹೆಂಗಸರು ಸೊಪ್ಪಿನ ಮಂಕರಿಗೆ ಸೆರಗು ಮುಚ್ಚುತ್ತಿದ್ದರು. ಅವರು ಮುಚ್ಚುವ ಮೊದಲೇ ಇವಳೇ ಗೋಡೆಗೆ ತಿರುಗಿ ನಿಲ್ಲುತ್ತಿದ್ದಳು. ಊರು ಹೇಳಿದ್ದನ್ನು ಅವಳೂ ನಂಬಿದ್ದಳು ಎನ್ನುವುದು ನನಗೆ ಅರ್ಥವಾಗಲು ಬಹಳ ವರ್ಷ ಬೇಕಾಯಿತು.

ಆದರೆ ನಾನು ಆಗ ಸುಖವಾಗಿದ್ದೆ. ಅಮ್ಮನಿಗೆ ಕಂಕುಳಲ್ಲೊಂದು, ತೊಟ್ಟಿಲಲ್ಲೊಂದು. ಅಜ್ಜಿಗೆ ಹುಳದ ಚಿಂತೆ. ಮಾತಾಡಿಸುವವರಿಲ್ಲದ ಚಿಕ್ಕಮ್ಮನಿಗೆ ನಾನೊಬ್ಬಳು. ದನದ ಕೊಟ್ಟಿಗೆಯ ಪಕ್ಕದ ಅವಳ ಕೋಣೆಯಲ್ಲಿ ಅವಳ ಚಾಪೆಯ ಮೇಲೇ ಮಲಗುತ್ತಿದ್ದೆ. ಹುಚ್ಚೆಳ್ಳೆಣ್ಣೆ ಹಚ್ಚಿ ನನ್ನ ತಲೆ ಬಾಚುತ್ತಾ ಗಂಟೆಗಟ್ಟಲೆ ಒಗಟು ಹೇಳುತ್ತಿದ್ದಳು. ಪಾತ್ರೆಯ ತಳದ ಸೀಕು ನನಗೇ. ಅಳಿಗುಳಿಮಣೆ ಆಡುವಾಗ ಬೇಕೆಂದೇ ಸೋತು, "ನನ್ನ ಗುಂಡೆಲ್ಲಾ ದೋಚ್ಕೊಂಡ್ಬಿಟ್ಟೆ ಕಣಮ್ಮ ನೀನು" ಅನ್ನುತ್ತಿದ್ದಳು. ಊರು ಅವಳನ್ನು ದೂರ ತಳ್ಳಿದಷ್ಟೂ ಅವಳು ನನ್ನ ಕಡೆ ಸರಿದಳು. ಬೇರೆ ಮಕ್ಕಳು ಆ ಕೋಣೆಯತ್ತ ಸುಳಿಯಲು ಹೆದರುತ್ತಿದ್ದುದು ನನಗೆ ಬಹಳ ಅನುಕೂಲವಾಗಿತ್ತು.

ಒಂದು ಬೆಳೆಯಲ್ಲಿ ಸುಣ್ಣಕಟ್ಟು ಊರಿಗೆಲ್ಲ ಹಬ್ಬಿತು. ಹಣ್ಣಾದ ಹುಳವನ್ನು ಗೂಡು ಕಟ್ಟಲು ಬಿಡುವ ಬಿದಿರಿನ ಚಂದ್ರಿಕೆಗಳು ಎಲ್ಲರ ಮನೆಯಲ್ಲೂ ಸಾಕಷ್ಟು ಇರುತ್ತಿರಲಿಲ್ಲ. ಇದ್ದವನ್ನೇ ಒಬ್ಬರಾದ ಮೇಲೆ ಒಬ್ಬರು ಹೊತ್ತೊಯ್ಯುವುದು ನಮ್ಮೂರ ಪದ್ಧತಿ. ಚಂದ್ರಿಕೆ ಹೋದ ದಾರಿಯಲ್ಲೇ ರೋಗವೂ ಮನೆಯಿಂದ ಮನೆಗೆ ಹೋಯಿತು. ಅದು ಯಾರ ಕಣ್ಣಿಗೂ ಬೀಳಲಿಲ್ಲ. ಚಿಕ್ಕಮ್ಮ ಆಗ ಊರಿನಲ್ಲೇ ಇರಲಿಲ್ಲ, ಕಾಯಿಲೆಯ ತಾಯಿಯನ್ನು ನೋಡಿಕೊಳ್ಳಲು ಮಂಡಿಕಲ್ಲಿಗೆ ಹೋಗಿದ್ದಳು. ಅವಳ ಕಣ್ಣು ಅಲ್ಲಿಂದ ಇಲ್ಲಿಯವರೆಗೆ ಯಾವ ಬಸ್ಸು ಹಿಡಿದು ಬಂತೋ ಯಾರೂ ಕೇಳಲಿಲ್ಲ. ಅವಳು ಹಿಂದಿರುಗಿದ ಮೇಲೆ ಹಿರಿಯರು ನಮ್ಮ ಜಗಲಿಯಲ್ಲೇ ಕೂತು, ಮುಂದಿನ ಬೆಳೆ ಗೂಡು ಕಟ್ಟುವುದರೊಳಗೆ ಅವಳನ್ನು ತವರಿಗೆ ಕಳಿಸಿಬಿಡಬೇಕೆಂದು ತೀರ್ಮಾನಿಸಿದರು. ಚಿಂತಾಮಣಿ ಕಡೆಯವಳಾದ ಅಜ್ಜಿ ಸಂಕಟ ಬಂದರೆ ತೆಲುಗಿಗೆ ತಿರುಗುವವಳು. ಅಂದು ಬಾಗಿಲ ಮರೆಯಲ್ಲಿ ನಿಂತು "ಏಮಿ ಚೇಸೇದಿ", ಏನು ಮಾಡೋದು, ಎಂದಷ್ಟೇ ಹೇಳಿ ಒಳಗೆ ಹೋದಳು.

ನಾನು ಅಳಲಿಲ್ಲ. ನಾನೂ ಹೋಗುತ್ತೇನೆಂದು ಹಟ ಹಿಡಿದು ಊಟ ಬಿಟ್ಟೆ. ಅಮ್ಮ ಸಾಕಾಗಿ, "ಹೋಗ್ಲಿ ಬಿಡಿ, ಅಲ್ಲೇ ಇಸ್ಕೂಲಿಗೆ ಸೇರ್ಕೊಳ್ಳಲಿ" ಎಂದಳು. ಮಂಡಿಕಲ್ಲಿನಲ್ಲಿ ನಾವಿಬ್ಬರೇ ಒಂದು ಚಾಪೆ, ಒಂದು ಒಲೆ ಎಂದು ಕನಸು ಕಾಣುತ್ತಾ ಲಂಗಗಳನ್ನು ಗಂಟು ಕಟ್ಟಿಟ್ಟುಕೊಂಡೆ.

ಅಷ್ಟರಲ್ಲಿ ಪಕ್ಕದ ಮನೆಯ ಚೌಡಮ್ಮ ಅಡ್ಡ ಬಂದಳು. ಅವಳ ಗಂಡ ಕಾಲು ಮುರಿದುಕೊಂಡು ಮಲಗಿದ್ದ, ಮಗಳು ಬಾಣಂತಿ. ಅವಳ ಹುಳ ಊರಿನ ಉಳಿದ ಹುಳಕ್ಕಿಂತ ಮುಂದಿದ್ದು, ಕೊನೆಯ ಸಲ ಪೊರೆ ಬಿಡುವ ನಾಲ್ಕನೇ ಜ್ವರ ಆಗಲೇ ಎದ್ದು ರಾಶಿ ರಾಶಿ ಸೊಪ್ಪು ಬೇಡುತ್ತಿತ್ತು. ಕೈಜೋಡಿಸಲು ಯಾರೂ ಬರಲಿಲ್ಲ. ಅವಳು ನಮ್ಮ ಹಿತ್ತಲ ಬೇಲಿ ಹತ್ತಿರ ನಿಂತು ಚಿಕ್ಕಮ್ಮನನ್ನು ಕೂಗಿದಳು: "ಬಾರಮ್ಮ ನಂಜಿ. ಹಸ್ಕೊಂಡು ಸಾಯೋ ಹುಳ, ನಿನ್ನ ಕಣ್ಣಿಗೇ ಸಾಯ್ಲಿ ಬಿಡು." ಚಿಕ್ಕಮ್ಮ ಬೇಲಿ ದಾಟಿ ಹೋದಳು. ತಟ್ಟೆಗಳಿಗೆ ಸೊಪ್ಪು ಹಾಕುವಾಗ ಮೊದಮೊದಲು ಮುಖ ಆ ಕಡೆ ತಿರುಗಿಸಿಕೊಂಡೇ ಹಾಕಿದಳಂತೆ. ವಿಷಯ ತಿಳಿದ ಊರು ಚೌಡಮ್ಮನಿಗೆ ಚಂದ್ರಿಕೆ ಕೊಡಲಿಲ್ಲ. ಅವಳು ಬೈದುಕೊಂಡು ಹೊಲದ ತೊಗರಿಕಡ್ಡಿ ತಂದು ಹರಡಿ ಅದರ ಮೇಲೇ ಹುಳ ಬಿಟ್ಟಳು. ಗೂಡು ಕಟ್ಟಿದವು, ಒಂದೂ ಕೆಡಲಿಲ್ಲ. ಹೆಂಗಸರು ಒಬ್ಬೊಬ್ಬರಾಗಿ ಬಂದು ಬೆರಗಾಗಿ ನೋಡಿ ಹೋದರು.

ಆದರೂ ಹಿರಿಯರ ತೀರ್ಮಾನ ಬದಲಾಗಲಿಲ್ಲ. ಚಿಕ್ಕಮ್ಮನನ್ನು ಕಳಿಸಲು ಗಾಡಿ ಕಟ್ಟಿದ ದಿನ ಬೆಳಿಗ್ಗೆ ಊರಿನ ಉಳಿದ ಮನೆಗಳಲ್ಲೂ ಹುಳ ನಾಲ್ಕನೇ ಜ್ವರ ಎದ್ದಿತ್ತು. ಚಿಕ್ಕಮ್ಮ ಗಾಡಿ ಹತ್ತಿದಳು, ನಾನೂ ಗಂಟು ಹಿಡಿದು ಪಕ್ಕದಲ್ಲಿ ಕೂತೆ. ಬೀದಿ ತಿರುವಿನಲ್ಲಿ ಚೌಡಮ್ಮ ಕುಕ್ಕರಗಾಲಲ್ಲಿ ಕೂತಿದ್ದಳು, ಸುತ್ತ ಹೆಂಗಸರು. ಸೊಪ್ಪಿನ ಮಂಕರಿಗಳು ಖಾಲಿ ಬೋರಲು ಬಿದ್ದಿದ್ದವು. "ಇವಳು ಹೋದ್ರೆ ನಾವ್ಯಾರೂ ಸೊಪ್ಪು ಕೊಯ್ಯಲ್ಲ," ಎಂದಳು ಚೌಡಮ್ಮ. ಗಂಡಸರು ಮೊದಲು ನಕ್ಕರು, ಆಮೇಲೆ ಬೈದರು. ಒಬ್ಬ ತನ್ನ ಹೆಂಡತಿಯ ರಟ್ಟೆ ಹಿಡಿದು ಎಬ್ಬಿಸಿದ. ಅವಳು ಎದ್ದ ಹಾಗೆ ಮಾಡಿ ಮತ್ತೆ ಕೂತಳು. ಚೌಡಮ್ಮ ದನಿ ಎತ್ತರಿಸದೆ ಹೇಳಿದಳು: "ಇವತ್ತು ನಂಜಿ. ನಾಳೆ ನಮ್ಮಲ್ಲಿ ಯಾರ ಗಂಡ ಸತ್ತರೆ ಅವಳು. ಗಾಡಿ ಇಲ್ಲೇ ಇರುತ್ತಲ್ಲ." ಹೊತ್ತೇರಿತು. ಮನೆಮನೆಯಲ್ಲೂ ಹುಳ ಬರಿದಾದ ತಟ್ಟೆಗಳಲ್ಲಿ ತಲೆ ಎತ್ತಿ ಹುಡುಕುತ್ತಿದ್ದವು. ಅವಕ್ಕೆ ಸಮಾಧಾನ ಹೇಳುವಂತಿರಲಿಲ್ಲ. ಮಧ್ಯಾಹ್ನದ ಹೊತ್ತಿಗೆ ಹಿರಿಯರು ಸೋತು, ಎತ್ತು ಬಿಚ್ಚಲು ಹೇಳಿದರು. ಹೆಂಗಸರೆಲ್ಲ ನುಗ್ಗಿ ಬಂದು ಚಿಕ್ಕಮ್ಮನನ್ನು ಗಾಡಿಯಿಂದ ಇಳಿಸಿಕೊಂಡರು. ಅವಳು ಅವರ ನಡುವೆ ಬಿಕ್ಕಿಬಿಕ್ಕಿ ಅಳುತ್ತಿದ್ದಳು. ನನ್ನನ್ನು ಇಳಿಸಲು ಯಾರೂ ಬರಲಿಲ್ಲ. ಗಂಟು ತೊಡೆಯ ಮೇಲಿಟ್ಟುಕೊಂಡು ನಾನು ಆ ಗಾಡಿಯಲ್ಲಿ ಬಹಳ ಹೊತ್ತು ಕೂತಿದ್ದೆ.

ಆಮೇಲೆ ಚಿಕ್ಕಮ್ಮ ಎಲ್ಲರವಳಾದಳು. ನಂಜಮ್ಮನ ಕೈಗುಣ ಬಲು ಒಳ್ಳೆಯದು ಎಂದಿತು ಅದೇ ಊರು. ಯಾರ ಮನೆಯಲ್ಲಿ ಹುಳ ಮೇಯಿಸಿದರೂ ಮೊದಲ ಹಿಡಿ ಸೊಪ್ಪು ಅವಳೇ ಹಾಕಬೇಕು. ರೋಗ ಬಂದರೆ ಅವಳು ಬಂದದ್ದು ತಡವಾಯಿತು ಅನ್ನುತ್ತಿದ್ದರು. ಚಂದ್ರಿಕೆಗಳು ಮಾತ್ರ ಎಂದಿನಂತೆ ಮನೆಯಿಂದ ಮನೆಗೆ ಹೋಗುತ್ತಲೇ ಇದ್ದವು. ಅವಳ ಬೆನ್ನು ನೆಟ್ಟಗಾಯಿತು, ನಗು ಜೋರಾಯಿತು. ಕೊಟ್ಟಿಗೆ ಪಕ್ಕದ ಕೋಣೆಯಲ್ಲಿ ಯಾವಾಗಲೂ ಯಾರೋ ಒಬ್ಬರು. ಚೌಡಮ್ಮನ ಮೊಮ್ಮಗಳ ತಲೆ ಬಾಚುತ್ತಾ ಅವಳು ನನ್ನ ಒಗಟುಗಳನ್ನೇ ಹೇಳುವುದನ್ನು ಬಾಗಿಲಲ್ಲಿ ನಿಂತು ಕೇಳಿದ್ದೇನೆ. "ಬಾರಮ್ಮ, ನೀನೂ ಕೂತ್ಕೋ" ಎಂದಳು. ಆ 'ನೀನೂ' ನನಗೆ ಚುಚ್ಚಿತು. ಅವಳಿಗೆ ಒಳ್ಳೆಯದಾಯಿತೆಂದು ನನಗೆ ಗೊತ್ತಿತ್ತು, ಸಂತೋಷಪಡಲು ಮಾತ್ರ ಆಗಲಿಲ್ಲ. ಚೌಡಮ್ಮನನ್ನು ಕಂಡರೆ ನನಗೆ ಮೈಯೆಲ್ಲ ಉರಿಯುತ್ತಿತ್ತು.

ಅರವತ್ತರ ದಶಕ ಮುಗಿಯುವ ಹೊತ್ತಿಗೆ ನಾನು ಮದುವೆಯಾಗಿ ಗೌರಿಬಿದನೂರಿನಲ್ಲಿದ್ದೆ. ಅಜ್ಜಿ ಹೋಗಿದ್ದಳು, ಮನೆ ಪಾಲಾಗಿ ನಡುವೆ ಗೋಡೆ ಎದ್ದಿತ್ತು. ಚಿಕ್ಕಮ್ಮ ತೀರಿಹೋದಳೆಂದು ಸುದ್ದಿ ಬಂದು ನಾನು ತಲುಪುವಷ್ಟರಲ್ಲಿ ಅಂಗಳ ತುಂಬಿತ್ತು. ಮುದುಕಿಯಾಗಿದ್ದ ಚೌಡಮ್ಮ ಅವಳ ತಲೆಯನ್ನು ತೊಡೆಯ ಮೇಲಿಟ್ಟುಕೊಂಡಿದ್ದಳು. ಪ್ರತಿಯೊಬ್ಬಳೂ "ನನ್ನ ಕಂಡ್ರೆ ನಂಜಮ್ಮಂಗೆ ಪ್ರಾಣ" ಎಂದು ಹೇಳಿಕೊಂಡು ಅಳುತ್ತಿದ್ದಳು. ನಿಮಗೆ ಬೇಡವಾಗಿದ್ದಾಗ ಇವಳ ಚಾಪೆಯ ಮೇಲೆ ಮಲಗಿದ್ದವಳು ನಾನೊಬ್ಬಳೇ ಎಂದು ಕೂಗಬೇಕೆನಿಸಿತು. ಅಷ್ಟರಲ್ಲಿ ಯಾರದೋ ಮನೆಯ ಹೊಸ ಸೊಸೆ ನನ್ನ ಕೈಗೆ ಒಂದು ಹಿಡಿ ಅಕ್ಕಿ ಕೊಟ್ಟು, "ಸಾಲಾಗಿ ಬರ್ಬೇಕಂತೆ ಅಕ್ಕ, ಎಲ್ಲಾರಿಗೂ ಸಿಗ್ಬೇಕಲ್ಲ" ಎಂದಳು. ಸಾಲಿನ ಕೊನೆಗೆ ಹೋಗಿ ನಿಂತೆ. ನನ್ನ ಸರದಿ ಬಂದಾಗ ಚಿಕ್ಕಮ್ಮನ ಬಾಯಿಗೆ ಅಕ್ಕಿ ಹಾಕಿ, ಹಿಂದೆ ಬಂದು ನಿಂತಿದ್ದವರಿಗೆ ಜಾಗ ಬಿಟ್ಟೆ.