ಮುಗಿಯದ ಪ್ರೋಗ್ರಾಂ, ಆರುತ್ತಿದ್ದ ರೊಟ್ಟಿ

ಗೆಳೆಯರೇ, ಇಳಕಲ್ಲಿನ ನಮ್ಮ ಕಾಲೇಜಿನ ಪ್ರಾಕ್ಟಿಕಲ್ ಪರೀಕ್ಷೆಯಲ್ಲಿ ಇಂದು ಮೇಷ್ಟ್ರಾದ ನನಗೇ ಬೆವರಿಳಿಯಿತು. ಪ್ರಶ್ನೆಯಲ್ಲಿ ಕೇಳಿದಂತೆ ವಿದ್ಯಾರ್ಥಿನಿ ರೇಣುಕಾ ಎರಡು ಶೆಲ್ ಸ್ಕ್ರಿಪ್ಟ್, ಅಂದರೆ ಪುಟ್ಟ ಪ್ರೋಗ್ರಾಂ, ಓಡಿಸಿದಳು. ಎರಡೂ ತಲಾ ಒಂದು ಫೈಲಿಗೆ ಲಾಕ್ ಹಾಕಿ, ಎದುರಿನದು ಮೊದಲು ಬಿಡಲಿ ಎಂದು ಕಾಯುತ್ತ ನಿಂತವು.

ಹೊರಗಿನಿಂದ ಬಂದ ಪರೀಕ್ಷಕರು ಗುಡುಗಿದರು: "ಪ್ರೋಗ್ರಾಂ ಮುಗಿಯೂತನಕ ಮಾರ್ಕ್ಸ್ ಇಲ್ಲ. ನಾನೂ ಏಳಂಗಿಲ್ಲ."

"ಇದು ಮುಗಿಯಂಗಿಲ್ರಿ ಸರ್. ಡೆಡ್‌ಲಾಕ್ ಅಂದ್ರ ಇದರಿ." ರೇಣುಕಾ ಪರದೆ ತೋರಿಸಿದಳು.

ಅಷ್ಟರಲ್ಲಿ ಜವಾನ ಬಸಪ್ಪ ಇಣುಕಿ ಪರೀಕ್ಷಕರನ್ನು ಕರೆದ. "ಊಟಕ್ಕ ಬರ್ರಿ ಸರ್, ರೊಟ್ಟಿ ಆರಾಕತ್ತಾವು. ಎಲ್ಲಾರೂ ಕಾಯಾಕತ್ತಾರ."

"ಮೊದಲ ಅವರು ಉಣ್ಣಲಿ, ಆಮ್ಯಾಲೆ ಬರ್ತೇನಿ."

"ಊರಿಗೆ ಬಂದ ಪಾವಣ್ಯಾರನ್ನ ಬಿಟ್ಟು ಹೆಂಗ ಉಣ್ತಾರ್ರಿ? ಮೊದಲ ನೀವು ಬರ್ರಿ."

ರೇಣುಕಾ ಮೆಲ್ಲಗೆ ಅಂದಳು: "ಸರ್, ಇದೂ ಡೆಡ್‌ಲಾಕರಿ."

ಪರೀಕ್ಷಕರು ಮಾರ್ಕ್ಸ್ ಬರೆದು ಊಟಕ್ಕೆ ಎದ್ದರು.

ಆ ಸ್ಕ್ರಿಪ್ಟ್‌ಗಳು ಮಾತ್ರ ಇನ್ನೂ ಹಟ ಬಿಟ್ಟಿಲ್ಲ. ಅವಕ್ಕೆ ಹಸಿವಾಗುವುದಿಲ್ಲವಲ್ಲ.