ಕಾಲು ತೊಳೆಯದೆ ಹುಳುಮನೆಗೆ ಹೋದವಳು

ನನ್ನ ತಂಗಿ ಒಂದು ಪುಸ್ತಕ ಬರೆದಿದ್ದಾಳೆ. ನಮ್ಮಪ್ಪ ಅವಳನ್ನು ಹೇಗೆ ಹೊಡೆದು ಹೊಡೆದು ಬೆಳೆಸಿದ, ಅವಳು ಹೇಗೆ ಬದುಕಿಕೊಂಡಳು ಎಂಬ ಪುಸ್ತಕ. ಗೌರಿಬಿದನೂರಿನ ನಮ್ಮ ಮನೆಗೆ ಅದು ಕೊರಿಯರಿನಲ್ಲಿ ಬಂದಾಗ ನಾನು ರಾಗಿ ಹಿಟ್ಟು ಜರಡಿ ಹಿಡಿಯುತ್ತಿದ್ದೆ. ಕೈ ಒರೆಸಿಕೊಂಡು ನಿಂತಲ್ಲೇ ಓದಲು ಶುರು ಮಾಡಿದವಳು ಆಮೇಲೆ ಕೂತುಕೊಳ್ಳಲೇ ಇಲ್ಲ. ಅಡುಗೆಮನೆ, ನಡುಮನೆ, ಮಹಡಿ ಮೆಟ್ಟಿಲು, ಮತ್ತೆ ಅಡುಗೆಮನೆ. "ಕಾಲಿಗೆ ಚಕ್ರ ಕಟ್ಕೊಂಡಿದ್ದೀಯಾ?" ಎಂದು ನನ್ನ ಗಂಡ ಕೇಳಿದರು. ಸುಮ್ಮನಿರಿ ಎಂದು ರೇಗಿದೆ.

ಸಂಜೆ ತಂಗಿಯ ಫೋನು ಬಂತು.

"ಓದಿದ್ಯಾ ಅಕ್ಕ?"

"ಇನ್ನೂ ಅರ್ಧ ಆಗೈತಮ್ಮ."

ಸುಳ್ಳು. ಎರಡು ಸಲ ಓದಿ ಮುಗಿಸಿದ್ದೆ.

"ಊರೋರು ಏನಾದ್ರೂ ಅಂದ್ಕೊಳ್ಳಲಿ. ನೀನು ಏನಂತೀಯೋ ಅಂತ ಕಾಯ್ತಾ ಇದೀನಿ ಕಣೇ," ಎಂದಳು.

ಅವಳು ಬರೆದದ್ದರಲ್ಲಿ ಒಂದು ಅಕ್ಷರವೂ ಹೆಚ್ಚಿಲ್ಲ. ನಮ್ಮದು ಶಿಡ್ಲಘಟ್ಟದ ಪಕ್ಕದ ಹಳ್ಳಿ, ರೇಷ್ಮೆ ಹುಳು ಸಾಕುವ ಮನೆ. ಹುಳು ಇರುವಷ್ಟು ದಿನ ನಮ್ಮ ಕಡೆ ಹೊರಗಿನವರು ಆ ಮನೆಯ ಹೊಸಿಲು ದಾಟುವುದಿಲ್ಲ. ಬೆಳೆ ಕೆಟ್ಟರೆ ತಮ್ಮ ತಲೆಗೆ ಬರುತ್ತದೆಂಬ ಭಯ. ಹಾಗಾಗಿ ಅಪ್ಪ ಹಿಪ್ಪುನೇರಳೆ ಕಡ್ಡಿ ಹಿಡಿದಾಗ ಬಿಡಿಸಲು ಯಾರೂ ಬರುತ್ತಿರಲಿಲ್ಲ. ಅಮ್ಮ ಕೂಡ, "ಅಳಬೇಡ ಸುಮ್ಕಿರು, ಹುಳ ಜ್ವರಕ್ಕೆ ಕೂತವೆ," ಎನ್ನುತ್ತಿದ್ದಳು. ಹುಳು ಪೊರೆ ಬಿಡುವ ಮುಂಚೆ ಮೇವು ಬಿಟ್ಟು ಅಲ್ಲಾಡದೆ ಮಲಗುವುದನ್ನು ನಾವು ಜ್ವರ ಎನ್ನುತ್ತೇವೆ. ಆಗ ಸದ್ದು ಮಾಡಬಾರದು. ನನ್ನ ತಂಗಿ ಸದ್ದಿಲ್ಲದೆ ಅಳುವುದನ್ನು ಕಲಿತದ್ದು ಹಾಗೆ.

ಎಲ್ಲ ನಿಜ. ಒಂದು ಕಡೆ ಮಾತ್ರ ಅವಳು ಹೀಗೆ ಬರೆದಿದ್ದಾಳೆ: "ಹುಳುವೆಲ್ಲ ಸತ್ತ ಆ ಸಲ ಕಾಲು ತೊಳೆಯದೆ ಹುಳುಮನೆಗೆ ನುಗ್ಗಿದ್ದು ನಾನೇ. ನನಗೆ ನೆನಪಿಲ್ಲ. ಆದರೆ ಅಕ್ಕ ನೋಡಿದ್ದಳು, ಅಕ್ಕ ಸುಳ್ಳು ಹೇಳುವವಳಲ್ಲ."

ನನಗಾಗ ಹದಿನಾಲ್ಕು, ಅವಳಿಗೆ ಒಂಬತ್ತು. ಕಾಲು ತೊಳೆಯದೆ ಯಾರೂ ಹುಳುಮನೆಗೆ ಹೋಗಬಾರದು, ಮುಟ್ಟಾದ ಹೆಂಗಸರಂತೂ ಕಾಲಿಡಲೇಬಾರದು ಎಂಬುದು ನಮ್ಮ ಮನೆಯ ದೊಡ್ಡ ಕಟ್ಟು. ಆ ಸಲ ನಾನು ಮುಟ್ಟಾದದ್ದನ್ನು ಯಾರಿಗೂ ಹೇಳಲಿಲ್ಲ. ಹಿತ್ತಿಲ ಮೂಲೆಯಲ್ಲಿ ಕೂರುವುದೆಂದರೆ ಊರಿಗೆಲ್ಲ ಡಂಗೂರ ಹೊಡೆದ ಹಾಗೆ, ನಾಚಿಕೆಯಾಗುತ್ತಿತ್ತು. ಎಂದಿನಂತೆ ಒಳಗೆ ಹೋಗಿ ಸೊಪ್ಪು ಹಾಕಿ ಬಂದೆ. ನಾಲ್ಕೈದು ದಿನಕ್ಕೆ ಹುಳುಗಳು ಉಬ್ಬಿ, ಚರ್ಮ ಒಡೆದು, ತಟ್ಟೆಗಳ ತುಂಬ ಬೆಳ್ಳಗೆ ಹಾಲಿನಂಥ ನೀರು. ಹಾಲು ರೋಗ. "ಒಳಕ್ಕೆ ಹೋಗಿದ್ದು ಯಾರು?" ಎಂದು ಅಪ್ಪ ನನ್ನ ಮುಖವನ್ನೇ ನೋಡಿ ಕೇಳಿದ. "ಅವಳೇ ಕಣಪ್ಪ, ಕೆಸರುಗಾಲಲ್ಲಿ ಓಡಿಹೋದ್ಲು," ಎಂದುಬಿಟ್ಟೆ.

ಅವತ್ತು ಅಪ್ಪನ ಏಟಿಗೆ ಮುರಿದ ಅವಳ ಎಡಗೈ ಕಿರುಬೆರಳು ಇವತ್ತಿಗೂ ಸೊಟ್ಟ.

ಇಷ್ಟು ವರ್ಷ ನಾನು ಏನು ಹೇಳಿಕೊಂಡು ಬದುಕಿದೆ? ರೇಷ್ಮೆ ಇಲಾಖೆಯವರೊಬ್ಬರು ಮುಂದೆ ಯಾವಾಗಲೋ, ಆ ರೋಗಕ್ಕೂ ಮುಟ್ಟಿಗೂ ಸಂಬಂಧವೇ ಇಲ್ಲ, ಅದು ಅಂಟುರೋಗ, ಸೆಕೆ ಜಾಸ್ತಿಯಾದರೆ ಹೆಚ್ಚುತ್ತದೆ ಎಂದಿದ್ದರು. ಅದನ್ನೇ ಗಟ್ಟಿಯಾಗಿ ಹಿಡಿದುಕೊಂಡಿದ್ದೆ. ಇವಳು ಮರೆತಿರುತ್ತಾಳೆ ಎಂದುಕೊಂಡಿದ್ದೆ. ಇವಳೋ, ನನ್ನ ಸುಳ್ಳನ್ನು ತನ್ನ ನೆನಪು ಮಾಡಿಕೊಂಡು ಅಚ್ಚು ಹಾಕಿಸಿದ್ದಾಳೆ. ನನ್ನ ಮೇಲೆ ನನಗೇ ಅಸಹ್ಯವಾಯಿತು.

ಭಾನುವಾರ ಬೆಳಗ್ಗೆ, ಬರ್ತೀನಿ ಎಂದು ತಂಗಿಗೆ ಫೋನು ಮಾಡಿ, ಚಿಂತಾಮಣಿಯ ಅವಳ ಮನೆಗೆ ಹೋಗಲು ಬಸ್ಸು ಹತ್ತಿದೆ. ಮಂಚೇನಹಳ್ಳಿಯಲ್ಲಿ ಇಳಿದು ವಾಪಸ್ ಹೋಗೋಣ ಅನ್ನಿಸಿತು. ಚಿಕ್ಕಬಳ್ಳಾಪುರದಲ್ಲಿ ಬಸ್ಸು ಬದಲಿಸುವಾಗ ಚಿಂತಾಮಣಿ ಬೋರ್ಡಿನ ಬಸ್ಸೊಂದನ್ನು ಬೇಕೆಂದೇ ಬಿಟ್ಟೆ, ಟೀ ಕುಡಿದೆ, ಎರಡನೆಯದನ್ನು ಹತ್ತಿದೆ. ಬ್ಯಾಗಿನ ಜಿಪ್ಪು ಎಳೆಯುವುದು, ಮುಚ್ಚುವುದು. ಪಕ್ಕದ ಹೆಂಗಸು, "ಏನಾದ್ರೂ ಮರ್ತು ಬಂದ್ರಾ?" ಎಂದರು. ಶಿಡ್ಲಘಟ್ಟದಲ್ಲಿ ಬೇಯಿಸಿದ ರೇಷ್ಮೆಗೂಡಿನ ವಾಸನೆ ಕಿಟಕಿಯಿಂದ ಬಂದಾಗ ಸೆರಗಿನಿಂದ ಮೂಗು ಮುಚ್ಚಿಕೊಂಡೆ. ಆ ವಾಸನೆಯಲ್ಲೇ ಬೆಳೆದವಳು ನಾನು.

ತಂಗಿ ಚಿಂತಾಮಣಿ ಬಸ್ ಸ್ಟ್ಯಾಂಡಿಗೇ ಬಂದಿದ್ದಳು. ಇಬ್ಬರೂ ನಡೆದುಕೊಂಡೇ ಅವಳ ಮನೆಗೆ ಹೋದೆವು. ಗೇಟು ದಾಟಿದ ಕೂಡಲೇ ಅವಳು ನಲ್ಲಿ ತಿರುಗಿಸಿ ಕಾಲು ತೊಳೆದಳು, ಹಿಮ್ಮಡಿ ಉಜ್ಜಿ, ಮತ್ತೊಂದು ಸಲ ತೊಳೆದಳು. ಎಷ್ಟೋ ಸಲ ನೋಡಿದ್ದೆ. ಶುಚಿಯ ಹುಚ್ಚು ಇವಳಿಗೆ ಎಂದು ಗೇಲಿಯನ್ನೂ ಮಾಡಿದ್ದೆ. ಇನ್ನು ಒಳಗೆ ಹೋಗಿ ಕಾಫಿ ಕುಡಿದರೆ ನಾನು ಹೇಳಲಾರೆ ಎನ್ನಿಸಿ ಅಲ್ಲೇ, ನಲ್ಲಿಯ ಪಕ್ಕದಲ್ಲೇ ಎಲ್ಲ ಹೇಳಿದೆ. ಮುಟ್ಟಾಗಿದ್ದುದು, ಸೊಪ್ಪು ಹಾಕಿದ್ದು, ಅಪ್ಪ ಕೇಳಿದ್ದು, ನಾನು ಅಂದದ್ದು. ಅವಳು ತೊಳೆದ ಕಾಲನ್ನೇ ನೋಡುತ್ತ ನಿಂತಿದ್ದಳು.

"ಆ ರೋಗ ಯಾಕೆ ಬರ್ತದೆ ಅಂತ ಆಮೇಲೆ ಇಲಾಖೆಯೋರು ಹೇಳಿದ್ರು ಕಣಮ್ಮ, ಅದು ಸೆಕೆಗೆ..."

"ಹುಳ ಯಾಕೆ ಸತ್ತೋ ಅಂತ ನಾನು ಕೇಳ್ಲಿಲ್ಲ ಅಕ್ಕ."

ಬೀದಿಯಲ್ಲಿ ಹೂವಿನವಳು ಕೂಗಿಕೊಂಡು ಹೋದಳು. ತಂಗಿ ಅಳಲಿಲ್ಲ, ಬೈಯಲೂ ಇಲ್ಲ. ಬೈದಿದ್ದರೆ ಚೆನ್ನಾಗಿತ್ತು.

"ನೀನು ಹೇಳ್ದಿದ್ರೂ ಅವನು ಹೊಡೀತಿದ್ದ," ಎಂದಳು ಕೊನೆಗೆ. "ಅವನಿಗೆ ನೆಪ ಬೇಕಿತ್ತು, ಅಷ್ಟೆ. ಬೆರಳಿನ ಲೆಕ್ಕ ನಿನ್ನ ಮೇಲೆ ಹಾಕಲ್ಲ. ಆದ್ರೆ ನೀನು ನಿಜ ಹೇಳಿದ್ದಿದ್ರೆ, ಇಷ್ಟು ವರ್ಷ ನಾನು ನನ್ನ ಕಾಲನ್ನ ಬೈಕೊಂಡು ಬದುಕ್ತಿರ್ಲಿಲ್ಲ ಕಣೇ."

ಮುಂದಿನ ಮುದ್ರಣದಲ್ಲಿ ಆ ಸಾಲನ್ನು ತಿದ್ದು, ನಾನೇ ಎಂದು ಬರೆ ಎಂದೆ. ಆಯ್ತು ಎಂಬಂತೆ ತಲೆಯಾಡಿಸಿದಳು. "ಬಾ, ಊಟ ಮಾಡಣ," ಎಂದು ತಿರುಗಿದಳು. ಹೊಸಿಲ ಹತ್ತಿರ ಹೋದವಳು ನಿಂತು, ಮತ್ತೆ ನಲ್ಲಿಯ ಬಳಿಗೆ ಬಂದು, ಇನ್ನೂ ಒದ್ದೆಯಾಗಿದ್ದ ಕಾಲುಗಳನ್ನು ಇನ್ನೊಂದು ಸಲ ತೊಳೆದಳು.